ಸ್ಟುಡಿಯೋ ಅಕ್ಕ ತೆಗೆದ ಅಜ್ಜನ ಫೋಟೋ

ಮೊನ್ನೆ ಸಿಂಧನೂರಿನ ಈ ಮನೆಯಲ್ಲಿ ನನ್ನ ಮೊಮ್ಮಕ್ಕಳಾದ ನೀವಿಬ್ಬರೂ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಕುಳಿತಿದ್ದಿರಿ. ಬಿಸಿಯಾದ ಧೂಳಿನ ವಾಸನೆ ಅಡುಗೆಮನೆಯವರೆಗೂ ಬಂತು. "ಫ್ಯಾನ್ ತಿರುಗತೈತಿ, ಸ್ಕ್ರೀನ್ ಮಾತ್ರ ಕರ್ರಗ ಐತಿ" ಎಂದು ತಂಗಿ ಅಣ್ಣನಿಗೆ ಹೇಳುತ್ತಿದ್ದಳು. ನಾನು ಬಾಗಿಲಿಗೆ ಬಂದು ನಿಂತೆ, ಏನೋ ಹೇಳಬೇಕೆಂದುಕೊಂಡೆ, ಹೇಳದೆ ಒಳಗೆ ಹೋದೆ. ಬಾಯಿಂದ ಬರದ ಮಾತು ಕೈಯಿಂದಾದರೂ ಬಂದೀತೆಂದು ಈಗ ಬರೆಯುತ್ತಿದ್ದೇನೆ...

ಆ ವಾಸನೆಗೆ ಊದಿನಕಡ್ಡಿಯ ಹೊಗೆ ಸೇರಿಸಿದರೆ ಅದು ಮಸ್ಕಿಯ ಸ್ಟುಡಿಯೋ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. ಮದುವೆ ಫೋಟೋಗಿಂತ ತೀರಿಹೋದವರ ಫೋಟೋಗೆ ಹೆಸರಾದವಳು. ಉಗುರಿನಷ್ಟು ಚೂರು ಕೊಟ್ಟರೂ ದೊಡ್ಡದು ಮಾಡಿ, ಹಣೆಗೆ ವಿಭೂತಿ ಹಚ್ಚಿ, ಹಿಂದೆ ನೀಲಿ ಆಕಾಶ ಇಡುತ್ತಿದ್ದಳು. ಬದುಕಿದ್ದಾಗ ಅಂಗಿಯ ಗುಂಡಿ ಹಾಕದವರೂ ಅವಳ ಕೈಯಲ್ಲಿ ಕೋಟು ತೊಟ್ಟು ಗೋಡೆ ಏರಿದ್ದರು.

ನಿಮ್ಮ ಅಜ್ಜ ಹೋದಾಗ ನಾವು ತುರ್ವಿಹಾಳದಲ್ಲಿದ್ದೆವು. ಮನೆಯಲ್ಲಿ ಅವರದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನ ಮೇಲಿದ್ದದ್ದು ಬೇರೆ ಯಾರದೋ ಮುಖ ಎಂಬಂತಿತ್ತು. ಶಿವಗಣಾರಾಧನೆ ಹತ್ತಿರ ಬಂದಿತ್ತು. ಅವತ್ತು ಫೋಟೋ ಇಟ್ಟು ಪೂಜೆ ಮಾಡಬೇಕು. ಆಗ ಸ್ಟುಡಿಯೋ ಅಕ್ಕ ಮಸ್ಕಿಯಿಂದ ಹೇಳಿ ಕಳಿಸಿದಳು. ಸುಗ್ಗಿಗೆ ಮೊದಲು ಅವರು ಒಬ್ಬರೇ ಬಂದು ಫೋಟೋ ತೆಗೆಸಿಕೊಂಡಿದ್ದರಂತೆ, ಒಯ್ಯಲು ಬರಲೇ ಇಲ್ಲವಂತೆ. ಮಸ್ಕಿಗೆ ಹೋಗಿ ಚಹಾ ಕುಡಿದದ್ದನ್ನೂ ಬಂದು ಹೇಳುವ ಮನುಷ್ಯ ಇದನ್ನು ಯಾಕೆ ಹೇಳಲಿಲ್ಲ? ಯಾರಿಗಾಗಿ ತೆಗೆಸಿಕೊಂಡರು? ಅಷ್ಟರಲ್ಲೇ ಅವರ ಮುಖ ನನ್ನಿಂದ ಜಾರತೊಡಗಿತ್ತು. ಮೂಗು ನೆನೆದರೆ ಬಾಯಿ ಸಿಗುತ್ತಿರಲಿಲ್ಲ. ಒಮ್ಮೆ ಆ ಮುಖ ನೋಡಬೇಕಿತ್ತು, ಅಷ್ಟೇ. ಈ ದಿನಗಳಲ್ಲಿ ಹೊಸ್ತಿಲು ದಾಟಬಾರದೆಂದು ಹಿರಿಯರು ಅಂದರು. ನಾನು ಸೆರಗು ಹೊದ್ದುಕೊಂಡು ನಿಮ್ಮಪ್ಪನ ಹಿಂದೆ ಬಸ್ಸು ಹತ್ತಿದೆ.

ಹಿಂದಿನ ದಿನ ಅಮಾವಾಸ್ಯೆ. ಎಲ್ಲ ಅಂಗಡಿಯವರಂತೆ ಅಕ್ಕನೂ ಯಂತ್ರಕ್ಕೆ ಪೂಜೆ ಮಾಡಿದ್ದಳು. ವೈರೆಲ್ಲ ಕಿತ್ತು, ಡಬ್ಬಿ ಒರೆಸಿ, ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಮತ್ತೆ ವೈರು ಚುಚ್ಚಿದ್ದಳು. ಆಮೇಲೆ ಪರದೆ ಬೆಳಗಲೇ ಇಲ್ಲ. ಡಬ್ಬಿ ಗುಂಯ್ಗುಡುತ್ತಿತ್ತು, ಅದರ ದೀಪ ಉರಿಯುತ್ತಿತ್ತು, ಕಾಣುವುದಕ್ಕೆ ಮಾತ್ರ ಏನೂ ಇಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯ ಪರದೆ ತಂದು ಹಚ್ಚಿದಳು. ಅದೂ ಕಪ್ಪು.

"ಒಳಗ ಅದಾರ ತಂಗಿ ನಿನ್ನ ಯಜಮಾನ್ರು" ಎಂದಳು. "ಬಾಗಲಾ ತಗಿಯವಲ್ದು."

ಆ ಮಾತಿಗೆ ನಾನು ಡಬ್ಬಿಯ ಹತ್ತಿರ ಸರಿದು ಕುಳಿತೆ.

ಕೊನೆಗೆ ಲಿಂಗಸುಗೂರಿನ ರಿಪೇರಿಯವನಿಗೆ ಫೋನು ಹಚ್ಚಿ, ನಮಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಚಿತ್ರ ಚೊಕ್ಕ ಮೂಡಲೆಂದು ಆ ಡಬ್ಬಿಗೆ ಗ್ರಾಫಿಕ್ಸ್ ಕಾರ್ಡು ಕೂಡಿಸಿ ಕೊಟ್ಟವನು ಅವನೇ.

"ಸ್ಕ್ರೀನಿನ ಕೇಬಲ್ ಎಲ್ಲಿ ಚುಚ್ಚೀರಿ ಅಕ್ಕಾ?"

"ತೂತ ಇದ್ದಲ್ಲಿ ಚುಚ್ಚೀನಿ. ಗ್ವಾಡಿಗೆ ಚುಚ್ಚಲೇನು?"

"ತೂತ ಎರಡ ಅದಾವ್ರಿ. ಮ್ಯಾಲಿಂದು ಅತ್ತಿ, ಡಬ್ಬಿ ಜೋಡಿನ ಬಂದಾಕಿ. ಕೆಳಗಿಂದು ಸೊಸಿ, ನಾ ತಂದು ಹಾಕಿದ ಕಾರ್ಡು. ಸೊಸಿ ಚಿತ್ರ ಹಿಡಕೊಂಡು ಕೆಳಗಿನ ಬಾಗಲದಾಗ ನಿಂತಾಳ, ನೀವು ಅತ್ತಿ ಬಾಗಲಾ ಕಾಯಾಕತ್ತೀರಿ."

"ಒಂದ ಮನಿಗೆ ಇಬ್ಬರನ್ನ ಯಾಕ ತಂದಿಟ್ಟೀಲೇ ಮತ್ತ?"

ನಿಮ್ಮಪ್ಪ ನಕ್ಕ. ಅಪ್ಪ ಹೋದಮೇಲೆ ನಕ್ಕದ್ದು ಅದೇ ಮೊದಲು.

ಕೇಬಲ್ಲನ್ನು ಕೆಳಗೆ ಚುಚ್ಚಿದಳು. ಪರದೆ ಬೆಳಗಿತು. ಫೋಟೋ ತೆರೆಯಿತು... ಬಿಳಿ ಅಂಗಿ, ಕುತ್ತಿಗೆ, ಒಂದು ಗಲ್ಲ. ಅಷ್ಟರಲ್ಲಿ ಮತ್ತೆ ಕತ್ತಲೆ. ಪುನಃ ಚಾಲೂ ಮಾಡಿದರೆ ಪುನಃ ಗಲ್ಲದವರೆಗೆ ಬಂದು ಹೋದರು. ನಾನು ತಿಳಿಯದೆ ಪರದೆಗೆ ಕೈ ಇಟ್ಟೆ, ಹಿಡಿದು ನಿಲ್ಲಿಸುವವಳ ಹಾಗೆ.

"ಇಬ್ಬರೂ ಎದ್ದು ಜಗಳಾ ಹಚ್ಯಾರ" ಎಂದಿತು ಫೋನು. "ಸೊಸೀನ ತಗದು ಅತ್ತೀನ ನೋಡ್ರಿ."

ಕಾರ್ಡು ಕಿತ್ತು, ಕೇಬಲ್ ಮೇಲೆ ಚುಚ್ಚಿದಾಗ ಚಿತ್ರ ನಿಂತಿತು. ಆದರೆ ಅಕ್ಷರವೆಲ್ಲ ದಪ್ಪ ದಪ್ಪ, ಮುಖ ಅಗಲವಾಗಿ ಕದಡಿಹೋಗಿತ್ತು, ಕಾಲುವೆಯ ನೀರಿನ ತಳದಿಂದ ನೋಡುವವರಂತೆ. ನಾನು ಮುಖ ತಿರುಗಿಸಿಕೊಂಡೆ. ಫೋಟೋ ತಿದ್ದುವ ಪ್ರೋಗ್ರಾಮಂತೂ ತೆರೆಯಲೇ ಇಲ್ಲ. ಮತ್ತೆ ಕಾರ್ಡು ಕೂಡಿಸಿ, ಕೇಬಲ್ ಕೆಳಗಿಟ್ಟು, ಸೆಟ್ಟಿಂಗಿನೊಳಗೆ ಹೋಗಿ, ಇಂಗ್ಲಿಷ್ ಅಕ್ಷರ ಒಂದೊಂದೇ ಅವನಿಗೆ ಓದಿ ಹೇಳುತ್ತ ಅಕ್ಕ ಡಬ್ಬಿಯೊಂದಿಗೆ ಬಂದದ್ದನ್ನು, ಅಂದರೆ ಅತ್ತೆಯನ್ನು, ಬಂದ್ ಮಾಡಿದಳು.

ಈ ಸಲ ಮುಖ ಪೂರ್ತಿ ಬಂತು. ಹೋಗಲಿಲ್ಲ.

ಕಣ್ಣು ಮುಚ್ಚಿದ್ದವು.

"ಫ್ಲ್ಯಾಶಿಗೆ ಮುಚ್ಯಾರ" ಎಂದಳು ಅಕ್ಕ, ನನ್ನ ಕಡೆ ನೋಡದೆ. "ಇನ್ನೊಂದ ತಗೀತೀನಿ ಕುಂದ್ರಿ ಅಂದೆ. ಇರ್ಲಿ ಬಿಡವಾ, ಮನ್ಯಾಕೀನ ಕರಕೊಂಡ ಬರ್ತೀನಿ, ಇಬ್ಬರದೂ ಕೂಡೇ ತಗಿಯಂತಿ ಅಂದು ಹೋದ್ರು."

ನಾನು ಕೇಳಿಕೊಂಡು ಬಂದ ಪ್ರಶ್ನೆಗೆ ಉತ್ತರ ಅದಾಗಿತ್ತು. ಅಳು ಬರಲಿಲ್ಲ. ಆ ಮುಖವನ್ನೇ ನೋಡುತ್ತ ಕುಳಿತೆ. ಮಧ್ಯಾಹ್ನ ಉಂಡು ಗೋಡೆಗೆ ಒರಗಿದಾಗ ಹೀಗೇ ಇರುತ್ತಿದ್ದರು. ಈಗ ಮಾತಾಡಿಸಿದರೆ "ಏನಬೇ?" ಎನ್ನುವ ಹಾಗೆ.

ನಮ್ಮ ಕಡೆ ಕಣ್ಣು ಮುಚ್ಚಿದ ಫೋಟೋ ಪೂಜೆಗೆ ಇಡುವುದಿಲ್ಲ. ಅಕ್ಕ ನಿಮ್ಮಪ್ಪನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಅಪ್ಪನ ಅಚ್ಚ ಅದಾನ. ಇವನ ಕಣ್ಣ ಇಡ್ತೀನಿ. ಊರಾಗ ಭಾಳ ಮಂದಿಗೆ ಇಟ್ಟೀನಿ, ಯಾರಿಗೂ ಗೊತ್ತಾಗಿಲ್ಲ." ನಾನು ತಲೆಯಾಡಿಸಿದೆ. ಅಪ್ಪ ಕುಳಿತಿದ್ದ ಸ್ಟೂಲಿನ ಮೇಲೆಯೇ ಮಗನನ್ನು ಕೂಡಿಸಿ ಫೋಟೋ ತೆಗೆದಳು. ಅವನ ಕಣ್ಣು ಕತ್ತರಿಸಿ ತಂದು ಅಪ್ಪನ ಮುಖಕ್ಕೆ ಕೂಡಿಸಿದಳು. ವಯಸ್ಸು ಹೊಂದಲೆಂದು ತುದಿಗೆ ಸಣ್ಣ ನೆರಿಗೆ ಎಳೆದಳು.

ಪೂಜೆಯ ದಿನ ಬಂದವರೆಲ್ಲ "ಥೇಟ್ ಅವರ ನೋಡಿದಂಗ ಐತಿ" ಎಂದರು. ನಾನು ತಲೆ ಎತ್ತಲಿಲ್ಲ. ನನ್ನ ಗಂಡನ ಮುಖದಿಂದ ನನ್ನ ಮಗ ನನ್ನನ್ನು ನೋಡುತ್ತಿದ್ದ. ಸಂಜೆ ನಿಮ್ಮಪ್ಪ ಆ ಫೋಟೋದ ಕೆಳಗೆ ಉಣ್ಣಲು ಕುಳಿತರೆ ನನಗೆ ಯಾರಿಗೆ ಬಡಿಸುತ್ತಿದ್ದೇನೆ ಎಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ...

ಬರಬರುತ್ತ ನನಗೆ ಆ ಮುಚ್ಚಿದ ಕಣ್ಣಿನದೇ ಬೇಕೆನಿಸತೊಡಗಿತು. ಕೇಳಲು ಸಂಕೋಚ. ಧೈರ್ಯ ಮಾಡಿ ಮಸ್ಕಿಗೆ ಹೋಗುವಷ್ಟರಲ್ಲಿ ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಅಕ್ಕ ತೀರಿಹೋಗಿದ್ದಳು. ಸಾಮಾನೆಲ್ಲ ಗುಜರಿಗೆ ಹೋಯಿತೆಂದರು. ಅವಳ ಫೋಟೋಗೆ ಯಾರು ವಿಭೂತಿ ಹಚ್ಚಿದರೋ, ಕೇಳಲಿಲ್ಲ.

ನೀವು ದಿನಾ ಕೈ ಮುಗಿಯುವ ಫೋಟೋ ಅದೇ. ಈಚೆಗೆ ನಿಮ್ಮಪ್ಪನ ಕಣ್ಣಿನ ತುದಿಗೆ ನೆರಿಗೆ ಬಂದಿವೆ, ಅಕ್ಕ ಎಳೆದಿದ್ದಳಲ್ಲ, ಅದೇ ಜಾಗದಲ್ಲಿ. ಅಜ್ಜನ ಕಣ್ಣು ಹೇಗಿದ್ದವು ಎಂದು ಮಾತ್ರ ನನ್ನನ್ನು ಕೇಳಬೇಡಿ. ಎಷ್ಟು ನೆನೆದರೂ ನಿಮ್ಮಪ್ಪನವೇ ಬರುತ್ತವೆ.