ಅರ್ಧ ಸುತ್ತು, ನಾಲ್ಕೆಳೆ ನೂಲು

ಶಹಾಪುರದ ನನ್ನ ಅಂಗಡಿಗೆ ಬರುವವರೆಲ್ಲ ಅವಸರದವರೇ. ಭತ್ತ ಕೊಯ್ಯುವ ಯಂತ್ರದ ಎಣ್ಣೆ ಪೈಪು ಗದ್ದೆಯ ನಡುವೆ ಒಡೆದಿರುತ್ತದೆ, ಮಾಲೀಕ ಇಲ್ಲಿ ಬಂದು ನನ್ನ ತಲೆಯ ಮೇಲೆ ಕುಣಿಯುತ್ತಿರುತ್ತಾನೆ. ಹೋಸ್ ಪೈಪು ಕತ್ತರಿಸಿ ಅದರ ಎರಡೂ ತುದಿಗೆ ಫಿಟಿಂಗ್ ಕೂಡಿಸುವುದು ನನ್ನ ಕಸುಬು. ಇಪ್ಪತ್ತು ವರ್ಷ ದಾಟಿತು. ನನ್ನ ಕೈಯ ಬಗ್ಗೆ ನನಗೆ ಬಹಳ ಜಂಬ ಇತ್ತು. ಇತ್ತು ಎಂದೇ ಬರೆಯಬೇಕು.

ಆ ಕೈಗೆ ಕೆಲಸ ಕಲಿಸಿದವರು ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ಉಸ್ತಾದರು. ಡೀಸೆಲ್ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ವಯಸ್ಸಾಗಿ ಗ್ಯಾರೇಜು ಮುಚ್ಚಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಊರ ಹೊರಗೆ ಬಾಗಿಲು ಹಾಕಿದ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ಒಂದು ವಿಮಾನ ಕಟ್ಟಲು ಶುರುಮಾಡಿದರು. ಒಬ್ಬರೇ ಕೂರುವಂಥದ್ದು. ಅಲ್ಯೂಮಿನಿಯಂ ಕೊಳವೆಯ ಮೈ, ಬಟ್ಟೆಯ ರೆಕ್ಕೆ, ಹಳೆಯ ಕಾರಿನಿಂದ ಬಿಚ್ಚಿದ ಇಂಜಿನ್. ರೆಕ್ಕೆಯ ಬಟ್ಟೆ ಹೊಲಿದವರು ಅವರ ಹೆಂಡತಿ. ಊರವರು ನಕ್ಕರು, ನಾನೂ ಮರೆಯಲ್ಲಿ ನಕ್ಕಿದ್ದೇನೆ. ಒಂಬತ್ತು ವರ್ಷ ಕಳೆದು ಅದು ನಿಜಕ್ಕೂ ವಿಮಾನದ ಹಾಗೆ ನಿಂತಾಗ ನಗುವವರು ಕಡಿಮೆಯಾದರು.

ಹಾರಲು ಅವರ ಬಳಿ ಪರವಾನಗಿ ಇರಲಿಲ್ಲ. ಹಾರುವ ಆಸೆಯೂ ಇರಲಿಲ್ಲ. "ಜಿನ್ನಿನ ಹಿಂದಿನ ಬಯಲಾಗ ಒಮ್ಮಿ ಓಡ್ಲಿ. ಗಾಲಿ ನೆಲ ಬಿಟ್ಟು ಒಂದು ಮೊಳ ಏಳ್ಲಿ. ಅಷ್ಟಾದ್ರ ಸಾಕು, ಆಮ್ಯಾಗ ಗುಜರಿಗೆ ಹಾಕ್ರಿ" ಎನ್ನುತ್ತಿದ್ದರು. ಆ ಒಂದು ಮೊಳಕ್ಕಾಗಿ ಒಂಬತ್ತು ವರ್ಷ ಎಂದರೆ ನನಗೆ ಸಿಟ್ಟೇ ಬರುತ್ತಿತ್ತು.

ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎರಡೂ. ಕಲಬುರಗಿಯ ಡಾಕ್ಟರು ಇದು ಹೆಚ್ಚುತ್ತಲೇ ಹೋಗುತ್ತದೆ, ನಿಧಾನ ಮಾಡಬಹುದೇ ಹೊರತು ನಿಲ್ಲಿಸಲಾಗದು ಎಂದುಬಿಟ್ಟರು. ವಿಮಾನದ ಹಿಡಿಕೆ ಹಿಡಿಯಲು ಅವರಿಗೆ ಇನ್ನು ಕೆಲವೇ ತಿಂಗಳಿದ್ದವು. ಬಾಕಿ ಉಳಿದಿದ್ದ ಕೆಲಸ ಒಂದೇ, ಇಂಜಿನ್ನಿನ ಎಣ್ಣೆ ಪೈಪುಗಳು. ಪಾನಾ ಹಿಡಿದರೆ ನಟ್ಟಿಗೆ ಕೂರಿಸಲಾಗದೆ ಅವರು ನನಗೆ ಫೋನ್ ಮಾಡಿದರು. "ತಮ್ಮಾ, ನನ್ನ ಕೈ ಈಗ ನನ್ನ ಮಾತು ಕೇಳವಲ್ವು. ನಿನ್ನ ಕೈ ಒಂದು ವಾರ ಕೊಡು."

ಅಂಗಡಿಗೆ ಬೀಗ ಹಾಕಿ ಹೋದೆ. ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಹೋಸನ್ನು ನೆಟ್ಟಗೆ ಕತ್ತರಿಸಿ, ಹೊರಗಿನ ಸಾಕೆಟ್ಟಿಗೆ ಎಡಕ್ಕೆ ತಿರುಗಿಸಿ ಹೊಗಿಸಬೇಕು. ಸಾಕೆಟ್ಟಿನ ಬಾಯಿಯ ಬಳಿ ಹೋಸಿಗೆ ಟೇಪು ಸುತ್ತಿ ಗುರುತಿಡಬೇಕು, ಒಳಗೆ ಕೂರುವ ನಿಪ್ಪಲ್ಲೆಂಬ ಕೊಳವೆ ಬಿಗಿಯುವಾಗ ಹೋಸು ಹಿಂದೆ ಸರಿದರೆ ಗೊತ್ತಾಗಲಿ ಎಂದು. ನಿಪ್ಪಲ್ಲಿಗೆ ಎಣ್ಣೆ ಸವರಬೇಕು. ಆಮೇಲೆ ಗಾಳಿ ಬಿಟ್ಟು ರಬ್ಬರಿನ ಚೂರು ತೆಗೆಯಬೇಕು. ಇವೆಲ್ಲ ನನಗೆ ಗೊತ್ತಿದ್ದವೇ, ಆದರೂ ಉಸ್ತಾದರ ಎದುರು ಮತ್ತೆ ಇಪ್ಪತ್ತರ ಹುಡುಗನಾಗಿ ಬೈಸಿಕೊಂಡು ಮಾಡಿದೆ. ಹೆಮ್ಮೆಯೂ ಆಗುತ್ತಿತ್ತು. ಮೊದಲ ದಿನವೇ ಅವರು ಒಂದು ಮಾತು ಹೇಳಿದ್ದರು.

"ಇದು ಬೋರ್‌ವೆಲ್ ಅಲ್ಲ. ಎಲ್ಲೂ ನೂಲು ಸುತ್ತಬ್ಯಾಡ. ಫಿಲ್ಟರ್ ದಾಟಿದ ಮ್ಯಾಲ ಏನ್ ಹೋದ್ರೂ ಸೀದಾ ಬೇರಿಂಗಿಗೇ ಹೋಗ್ತದ."

ನಮ್ಮ ಕಡೆ ಪೈಪಿನ ಕೆಲಸ ಎಂದರೆ ನೂಲು ಎಂದೇ ಅರ್ಥ. ಮರೆಗೆ, ಅಂದರೆ ಪೈಪಿನ ತುದಿಯ ತಿರುಪಿನ ಗೆರೆಗಳಿಗೆ, ನಾಲ್ಕೆಳೆ ಹತ್ತಿ ನೂಲು ಸುತ್ತಿ, ಸಫೇದ ಎಂಬ ಬಿಳಿ ಲೇಪ ಬಳಿದು ಬಿಗಿದರೆ ಎಂಥ ಸೋರಿಕೆಯೂ ನಿಲ್ಲುತ್ತದೆ. ಹುಣಸಗಿಯ ಕಡೆಯ ಪಂಪ್‌ಸೆಟ್ಟುಗಳಿಗೆ ನಾನು ಹಾಗೆ ಸುತ್ತಿದ ನೂಲಿಗೆ ಲೆಕ್ಕವಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ನೂಲಿನ ಉಂಡೆ ಇದ್ದೇ ಇರುತ್ತದೆ, ಆಗಲೂ ಇತ್ತು.

ಐದನೆಯ ದಿನ ಶುಕ್ರವಾರ. ಮೂರು ಪೈಪು ಕೂತಿದ್ದವು. ಕೊನೆಯದು ಫಿಲ್ಟರಿನಿಂದ ಇಂಜಿನ್ನಿನ ಒಳಕ್ಕೆ ಹೋಗುವುದು. ಅದಕ್ಕೆ ಇಂಜಿನ್ ಬದಿಯಲ್ಲಿ ಒಂದು ಎಲ್ಬೊ, ಮೊಣಕೈಯಂತೆ ಬಾಗಿದ ಫಿಟಿಂಗ್, ಕೂರಿಸಬೇಕಿತ್ತು. ಬಿಗಿಯಾಗುವಷ್ಟು ತಿರುಗಿಸಿದರೆ ಅದರ ಬಾಯಿ ಇಂಜಿನ್ ಹೊತ್ತ ಕಬ್ಬಿಣದ ಚೌಕಟ್ಟಿನ ಕಡೆ ಹೊರಳಿ, ಪೈಪು ಮಡಚಿಕೊಳ್ಳುತ್ತಿತ್ತು. ಅರ್ಧ ಸುತ್ತು ಹಿಂದಕ್ಕೆ ಬಿಟ್ಟರೆ ಬಾಯಿ ಸರಿಯಾದ ಕಡೆಗೆ ಬರುತ್ತಿತ್ತು, ಆದರೆ ಸಡಿಲ. "ಬ್ಯಾರೆ ಎಲ್ಬೊ ಹೈದರಾಬಾದಿಂದ ತರಸೋಣು. ಗುರುಮಠಕಲ್ ಮ್ಯಾಲಿಂದ ಬರೋ ಬಸ್ಸಿಗೆ ಹಾಕ್ತಾರ. ಹತ್ತು ದಿನ ಆಗ್ಲಿ ಬಿಡು" ಎಂದು ಹೇಳಿ ಉಸ್ತಾದರು ಜುಮ್ಮಾ ನಮಾಜಿಗೆ ಹೋದರು.

ಅವರು ಗೇಟು ದಾಟುವಾಗ ಟೋಪಿ ಹಾಕಿಕೊಳ್ಳಲು ಮೂರು ಸಲ ಪ್ರಯತ್ನಿಸಿದ್ದನ್ನು ನೋಡಿದೆ. ಹತ್ತು ದಿನ ಕಾಯುವುದು ಎಂಥದು ಅನ್ನಿಸಿತು. ಅವರ ಮೇಲಿನ ಮರುಕ ಒಂದು ಕಡೆ, ನನ್ನ ಕಸುಬಿನ ಸೊಕ್ಕು ಇನ್ನೊಂದು ಕಡೆ. ಯಾವುದು ಹೆಚ್ಚಿತ್ತೋ ಈಗಲೂ ಹೇಳಲಾರೆ. ಎಲ್ಬೊ ಬಿಚ್ಚಿದೆ, ಮರೆಗೆ ನಾಲ್ಕೆಳೆ ನೂಲು ಸುತ್ತಿದೆ, ಅರ್ಧ ಸುತ್ತು ಕಡಿಮೆ ತಿರುಗಿಸಿ ಬಾಯಿ ಸರಿಯಾದ ಕಡೆಗೆ ನಿಲ್ಲಿಸಿದೆ. ಹೊರಗೆ ಇಣುಕಿದ ನೂಲನ್ನು ಬ್ಲೇಡಿನಿಂದ ಕೊಯ್ದೆ. ಒಳಗೆ ಇಣುಕಿದ್ದು ಯಾರಿಗೆ ಕಾಣುತ್ತದೆ?

ಅವರು ಬಂದು ಬಗ್ಗಿ ನೋಡಿದರು. "ಹ್ಯಾಂಗ್ ಕೂಡ್ತು ಇದು? ನೂಲು ಹಾಕಿಲ್ಲಲ್ಲ?"

"ಇಲ್ರಿ ಉಸ್ತಾದ್. ಮರೆ ಒಳಗ ಕಸ ಇತ್ತು, ತಗದೆ, ಕೂಡ್ತು."

ಅವರು ನನ್ನ ಬೆನ್ನು ತಟ್ಟಿದರು. ಆ ಕೈಯ ನಡುಕ ನನ್ನ ಬೆನ್ನಿಗೆ ತಿಳಿಯಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ವಿಮಾನವನ್ನು ಬಯಲಿಗೆ ತಳ್ಳಿದೆವು. ಮೊದಲ ಓಟ ನಿಧಾನದ್ದು. ಎಲ್ಲಿಯೂ ಒಂದು ಹನಿ ಎಣ್ಣೆ ಸೋರಲಿಲ್ಲ. ಉಸ್ತಾದರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಎರಡನೆಯ ಓಟ ಜೋರಿನದು, ಮೂರನೆಯದರಲ್ಲಿ ಗಾಲಿ ಏಳಬೇಕು ಎಂದು ಮಾತಾಗಿತ್ತು. ಎರಡನೆಯದರಲ್ಲಿ ಬಯಲಿನ ಅರ್ಧಕ್ಕೆ ಹೋಗಿರಬೇಕು, ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು ಬಂತು. ಆಮೇಲೆ ಸದ್ದೇ ಇಲ್ಲ. ನಾನು ಓಡಿಹೋದಾಗ ಅವರು ಹಿಡಿಕೆ ಹಿಡಿದುಕೊಂಡೇ ಕೂತಿದ್ದರು. ಪಂಖ ತಿರುಗಿಸಿ ನೋಡಿದೆ, ಅಲುಗಲಿಲ್ಲ. ಕಾರಣ ನನಗೆ ಆಗಲೇ ಗೊತ್ತಾಗಿತ್ತು.

ಗೊತ್ತಾದರೂ ಹೇಳಲಿಲ್ಲ. ಅಂಗಡಿ ಕೆಲಸ ಎಂದು ನೆಪ ಮಾಡಿ ಶಹಾಪುರಕ್ಕೆ ಓಡಿ ಬಂದೆ. ಎಂಟು ದಿನ ಫೋನ್ ಕೂಡ ಮಾಡಲಿಲ್ಲ. ಅಂಥ ಹೇಡಿ ನಾನು.

ಒಂಬತ್ತನೆಯ ದಿನ ಹೋದಾಗ ಇಂಜಿನ್ ಬಿಚ್ಚಿ ಹಳೆಯ ಸೀರೆಯ ಮೇಲೆ ಹರಡಿತ್ತು. ಆ ಕೈಗಳಿಂದ ಒಬ್ಬರೇ ಹೇಗೆ ಬಿಚ್ಚಿದರೋ. ಗೆಣ್ಣಿನ ತುಂಬ ಗಾಯ. ಹೊರಗೆ ಜಿನ್ನಿನ ಕಾವಲುಗಾರ ಸಿಕ್ಕಿ, "ಬೇರಿಂಗ್ ಹಳೇವಂತ್ರಿ, ಮುದುಕನ ನಸೀಬು" ಎಂದಿದ್ದ. ಉಸ್ತಾದರು ಊರಿಗೆಲ್ಲ ಹಾಗೇ ಹೇಳಿದ್ದರು. ಕರ್ರಗೆ ಸುಟ್ಟ ಬೇರಿಂಗಿನ ಪಕ್ಕದಲ್ಲಿ ಒಂದು ಚಹದ ಕಪ್ಪಿನ ಬಸಿ ಇತ್ತು. ಅದರಲ್ಲಿ ಸೀಮೆಎಣ್ಣೆಯಲ್ಲಿ ತೊಳೆದ ನೂಲಿನ ಎರಡು ತುಂಡು. ನನ್ನ ಜೇಬಿನದೇ.

"ನಾನೇ ಹಾಕಿದ್ದು ಉಸ್ತಾದ್. ತಪ್ಪಾತ್ರಿ" ಎಂದೆ. ಅಳು ಬಂತು.

"ನನಗೊತ್ತದ. ಕೂಡು, ಚಾ ಕುಡಿ."

ಚಹ ಬಂತು. ಅವರ ಕಪ್ಪನ್ನು ಹೆಂಡತಿಯೇ ಬಾಯಿಗೆ ಹಿಡಿದರು. ಅದನ್ನು ನೋಡಲಾಗದೆ ನಾನು ಬಾಯಿಗೆ ಬಂದಂತೆ ಮಾತಾಡಿದೆ. ಯಾದಗಿರಿಯ ಗುಜರಿಯಲ್ಲಿ ಇಂಥದೇ ಇಂಜಿನ್ ಇದೆಯಂತೆ, ನಾಳೆಯೇ ತರುತ್ತೇನೆ, ಈ ಸಲ ನೀವು ಹೇಳಿದಷ್ಟೇ ಮಾಡುತ್ತೇನೆ, ಜೇಬು ಖಾಲಿ ಮಾಡಿಕೊಂಡು ಬರುತ್ತೇನೆ ಎಂದೆ. ಅವರು ನನ್ನ ಮಾತು ಮುಗಿಯುವವರೆಗೂ ಕಾದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಇಂಜಿನ್ ಸಿಗ್ತದಪಾ. ಯಾರ ಕೈಲೆ ಕೂಡಿಸ್ಲಿ?" ಎಂದರು.