ಮಾವನ ಪುಟ್ಟ ಆಲಕ್ಕೆ ಅಜ್ಜಿ ಆರಿಸಿದ ಕುಂಡ

ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಆ ವಾಸನೆಯ ಬೆನ್ನಿಗೇ ಕಾಪುವಿನ ನಮ್ಮ ಮನೆ ಬರುತ್ತದೆ, ಸೆಗಣಿ ಸಾರಿಸಿದ ಚಾವಡಿ, ಮಾತಿನ ನಡುವೆಯೂ ಕೇಳುವ ಕಡಲು, ಕಾಗೆ ಕೂಗಿದರೂ ಕೂಗದಿದ್ದರೂ ಹೆದರುವ ಅಜ್ಜಿ. ಹಗ್ಗವನ್ನು ಹಾವೆನ್ನುವ ಅಂಥ ಅಜ್ಜಿಯ ಒಬ್ಬನೇ ಮಗ ಹಡಗಿನ ಕೆಲಸಕ್ಕೆ ಸೇರಿದ್ದು ದೇವರ ತಮಾಷೆಯೇ ಇರಬೇಕು. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ ನಮ್ಮದು, ಹಾಗಾಗಿ ಅಮ್ಮನ ಒಡಹುಟ್ಟಿದ ಆ ಮಾವನೇ ಯಜಮಾನ. ಅಜ್ಜಿ, ಅಮ್ಮ, ನಾನು, ಮೂವರೂ ಅವರ ದಾರಿ ಕಾಯುವವರು.

ಜಪಾನಿನ ಬಂದರೊಂದರಲ್ಲಿ ಮಾವ ಕುಂಡದಲ್ಲಿ ಬೆಳೆಸಿದ ಮೊಣಕಾಲೆತ್ತರದ ಮುದಿ ಮರಗಳನ್ನು ಕಂಡು ಮರುಳಾಗಿ ಬಂದಿದ್ದರು. ನಮ್ಮ ಬಾವಿಯ ಗೋಡೆಯಲ್ಲಿ ಹುಟ್ಟಿದ್ದ ಆಲದ ಸಸಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ನೆಟ್ಟು, ರಜೆಗೆ ಬಂದಾಗಲೆಲ್ಲ ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ಗೇಣುದ್ದದ ಮರ ಮಾಡಿದರು. ಅದಕ್ಕೆ ಬಿಳಲು ಕೂಡ ಇಳಿದಿತ್ತು. ಆ ಸಲ ಹೊರಡುವಾಗ ಡಬ್ಬಿ ತುಕ್ಕು ಹಿಡಿದಿತ್ತು. "ಇದಕ್ಕೊಂದು ಕುಂಡ ನೋಡಿ ಅಮ್ಮ. ಆಳ ಬೇಡ, ಬಣ್ಣದ್ದೂ ಬೇಡ. ನೋಡಿದವರ ಕಣ್ಣು ಮರಕ್ಕೆ ಹೋಗಬೇಕು, ಕುಂಡಕ್ಕಲ್ಲ," ಎಂದರು. ಹೊಸ್ತಿಲಲ್ಲಿ ಅಜ್ಜಿಯ ಕಣ್ಣೀರು ಕಂಡು, ನಗಿಸಲೆಂದು, "ಇದು ಹಸಿರಾಗಿ ಇದ್ದರೆ ನಾನೂ ಸುಖವಾಗಿದ್ದೇನೆ ಅಂತ ತಿಳಿಯಿರಿ," ಎಂದೂ ಸೇರಿಸಿದರು.

"ಹೊಸ್ತಿಲಲ್ಲಿ ಎಂತ ಮಾತು ಮಗಾ ಅದು!" ಎಂದು ಅಜ್ಜಿ ಕೂಗಿದರು. ಅಷ್ಟರಲ್ಲಿ ಬಸ್ಸು ಬಂದಿತ್ತು.

ಅಂದಿನಿಂದ ಅಜ್ಜಿಗೆ ಆ ಮರವೇ ಮಗ. ಉಡುಪಿಯ ಪೇಟೆಯಿಂದ ಅಮ್ಮ ತಂದ ಪಿಂಗಾಣಿ ಬೋಗುಣಿಯ ಮೇಲೆ ಗುಲಾಬಿ ಹೂಗಳಿದ್ದವು, ಅದು ಬೇಡವಾಯಿತು. ಕುಂಬಾರನ ಮಣ್ಣಿನ ತಟ್ಟೆ ಸರಿಯಾಗಿಯೇ ಇತ್ತು. "ಒಡೆದುಹೋದರೆ?" ಎಂದರು ಅಜ್ಜಿ. ಅದೂ ವಾಪಸು ಹೋಯಿತು. ಕೊನೆಗೆ ಉಗ್ರಾಣದಿಂದ ಅವರೇ ಕಲ್ಲಿನ ಮರಿಗೆಯನ್ನು ಹೊರಗೆಳೆದರು. ಕಾರ್ಕಳದ ಕಡೆಯ ಕಪ್ಪು ಕಲ್ಲು, ಅಗಲ ಬಾಯಿ, ಕಡಿಮೆ ಆಳ. ಅಜ್ಜಿಯ ಅಮ್ಮನ ಕಾಲದಿಂದ ವರ್ಷವರ್ಷವೂ ಮಿಡಿಯನ್ನು ಉಪ್ಪಿಗೆ ಹಾಕುತ್ತಿದ್ದುದು ಅದರಲ್ಲೇ. ಬೂದಿಯಲ್ಲಿ ತಿಕ್ಕಿ, ಬಿಸಿಲಿಗಿಟ್ಟು, ಕಲ್ಲುಕುಟಿಗನಿಂದ ತೂತು ಮಾಡಿಸಿ ನೆಟ್ಟರು. ಕಪ್ಪು ಕಲ್ಲಿನ ಮೇಲೆ ಆ ಹಸಿರು ಎಷ್ಟು ಚೆಂದ ಕಂಡಿತೆಂದರೆ, ಅಜ್ಜಿ ದೃಷ್ಟಿ ತೆಗೆದರು.

ಸ್ವಲ್ಪ ದಿನಕ್ಕೆ ಎಲೆಗಳ ಅಂಚು ಕಂದಿತು. ಮಾವನ ಕಾಗದವೂ ನಿಂತಿತು. ಮಳೆಗಾಲ, ಕಡಲು ಹಗಲಿಡೀ ಮೊರೆಯುತ್ತಿತ್ತು. ಬೆಳಿಗ್ಗೆ ಮರದ ಹತ್ತಿರ ಹೋಗಲು ಅಜ್ಜಿಗೆ ಧೈರ್ಯವಿಲ್ಲದೆ ನನ್ನನ್ನು ಕಳಿಸುತ್ತಿದ್ದರು. ಒಳಗಿನಿಂದಲೇ "ಹಸಿರು ಉಂಟಾ?" ಎನ್ನುವರು. "ಉಂಟು ಅಜ್ಜಿ," ಎನ್ನುತ್ತಿದ್ದೆ. ಬಿದ್ದ ಎಲೆಯನ್ನು ಮುಟ್ಟಲೂ ಹೆದರಿಕೆ, ಬಿಡಲೂ ಹೆದರಿಕೆ. ಅಜ್ಜಿ ದೈವಕ್ಕೆ ಹರಕೆ ಹೊತ್ತರು, ಬುಡಕ್ಕೆ ಎಳನೀರು ಹೊಯ್ಯಿಸಿದರು. ಕೊನೆಯ ಎಲೆಯೂ ಉದುರಿದ ದಿನ ನನಗೆ "ಉಂಟು" ಎನ್ನಲು ಬಾಯಿ ಬರಲಿಲ್ಲ. ಅಜ್ಜಿ ಅಳಲಿಲ್ಲ. ಅತ್ತರೆ ನಿಜವಾಗುತ್ತದಲ್ಲ! ಅಮ್ಮ ಅನ್ನದ ತಟ್ಟೆ ಮುಂದಿಟ್ಟರೆ ಸುಮ್ಮನೆ ಪಕ್ಕಕ್ಕೆ ಸರಿಸಿದರು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಮಾವನೇ ಅಂಗಳಕ್ಕೆ ಬಂದು ನಿಂತರು. ಹಡಗು ಕೆಟ್ಟು ಯಾವುದೋ ಬಂದರಿನಲ್ಲಿ ಉಳಿದಿತ್ತಂತೆ. ಕಾಗದ ಬರೆದಿದ್ದರಂತೆ, ತಲುಪಿರಲಿಲ್ಲ. ಒಣಗಿದ ಮರವನ್ನು ಕಂಡು ಮರಿಗೆಯ ಅಂಚಿನ ಬಿಳಿ ಪುಡಿಯನ್ನು ನಾಲಿಗೆಗೆ ಹಚ್ಚಿ ನಕ್ಕರು. "ಎಂತ ಅಮ್ಮ, ನನ್ನನ್ನೂ ಉಪ್ಪಿನಕಾಯಿ ಹಾಕಿದಿರಾ?"

ಕಲ್ಲು ಅಷ್ಟು ವರ್ಷ ಕುಡಿದ ಉಪ್ಪನ್ನು ಕಕ್ಕಿತ್ತು. ಅಮ್ಮ ನಕ್ಕರು, ನಾನೂ ನಕ್ಕೆ. ಅಜ್ಜಿ ನಗಲಿಲ್ಲ. ಮಗನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಇನ್ನು ಹಡಗು ಹತ್ತುವುದಿಲ್ಲವೆಂದು ಆಣೆ ಹಾಕಿಸಿದರು. ಹೆದರಿ ಕಡ್ಡಿಯಾಗಿದ್ದ ಆ ಜೀವ ನೋಡಿ ಮಾವ ಒಪ್ಪಿದರು.

ಕಾರ್ಕಳದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾದರು. ಸಂಜೆ ಬಂದು, ಕಡಲಿಗೆ ಬೆನ್ನು ಹಾಕಿ ಚಾವಡಿಯಲ್ಲಿ ಕೂರುತ್ತಿದ್ದರು. ಮತ್ತೆ ಒಂದು ಗಿಡವನ್ನೂ ಮುಟ್ಟಲಿಲ್ಲ, ದೂರದೂರದ ಕಥೆಗಳನ್ನೂ ಹೇಳಲಿಲ್ಲ. ಅಜ್ಜಿ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಮಾವನೂ ಹೋದರು, ಮನೆಯೂ ಹೋಯಿತು. ಅವರು ಬರುವುದಿಲ್ಲವೇನೋ ಎಂದು ನಾವು ಅಷ್ಟು ಹೆದರಿದ್ದೆವು. ಬಂದವರು ಸುಖವಾಗಿದ್ದಾರೆಯೇ ಎಂದು ಕೇಳುವುದಕ್ಕೆ ಅದಕ್ಕಿಂತ ಹೆಚ್ಚು ಹೆದರಿದೆವು.