ಟೈಬೀರಿಯಸ್‌ನ ಕೆನ್ನೆಯ ಗೀರು

ಕೊರೊನಾ ತಣ್ಣಗಾದ ಮರುವರ್ಷ. ಮಣಿಪಾಲದಲ್ಲಿ ದಂತವೈದ್ಯ ವಿದ್ಯಾರ್ಥಿಗಳಿಗೆ ಲೋಹಗಳ ಪಾಠ ಹೇಳಿ ನಾನು ನಿವೃತ್ತನಾಗಿದ್ದೆ. ಪ್ರಾಚೀನ ರೋಮನ್ ನಾಣ್ಯಗಳ ಸಂಗ್ರಹ ನನ್ನ ಹಳೆಯ ಹವ್ಯಾಸ. ನಿವೃತ್ತಿಯ ಮೇಲೆ ಅದೇ ಕೆಲಸವಾಯಿತು. ಉಡುಪಿ ಸುತ್ತಿನ ಸಂಗ್ರಾಹಕರು ತಮ್ಮ ನಾಣ್ಯಗಳನ್ನು ಗುರುತಿಸಿಕೊಡಲು ನನ್ನಲ್ಲಿಗೆ ತರುತ್ತಿದ್ದರು.

ನನ್ನಲ್ಲಿದ್ದ ನಾಣ್ಯಗಳಲ್ಲಿ ಹೆಚ್ಚು ಪ್ರೀತಿಯದು ಚಕ್ರವರ್ತಿ ಟೈಬೀರಿಯಸ್‌ನ ಡಿನೇರಿಯಸ್, ಅಂದರೆ ಹೆಬ್ಬೆರಳಿನ ಉಗುರಿನಗಲದ ಬೆಳ್ಳಿ ನಾಣ್ಯ. ಹರಾಜಿನಲ್ಲಿ ಕೊಂಡಾಗ ಮಣ್ಣೂ ಕಿಟ್ಟವೂ ಮೆತ್ತಿ ಮುಖವೇ ಕಾಣುತ್ತಿರಲಿಲ್ಲ. ಅದನ್ನು ಬಿಡಿಸಿದ್ದು ನಾನು ಮತ್ತು ವಿನ್ಸೆಂಟ್. ಶಿರ್ವದ ವಿನ್ಸೆಂಟ್ ನಮ್ಮ ಲ್ಯಾಬಿನಲ್ಲಿ ಕೃತಕ ಹಲ್ಲುಗಳ ಎರಕ ಹೊಯ್ಯುತ್ತಿದ್ದವನು, ನನಗಿಂತ ಕಿರಿಯ, ನಮ್ಮ ಮನೆಯವನಂತೆಯೇ ಇದ್ದ. ಆಸಿಡ್ ಮುಟ್ಟಿಸಲಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ವಾರಗಟ್ಟಲೆ ನೆನೆಸಿ, ಮೈಕ್ರೋಸ್ಕೋಪಿನ ಕೆಳಗೆ ಬಿದಿರಿನ ಕಡ್ಡಿಯಿಂದ ಕೆರೆದೆವು. ಕೊನೆಗೆ ಚಕ್ರವರ್ತಿಯ ಕೆನ್ನೆಯ ಮೇಲೆ ಉಳಿಯಿಂದ ಹೊಡೆದ ಓರೆ ಗೀರು ಕಾಣಿಸಿತು. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಇಂಥ ಗೀರು ಹಲವು ಕಡೆ ಉಂಟು. ಕೈಯಿಂದ ಹೊಡೆದದ್ದಾದ್ದರಿಂದ ಒಂದರಂತೆ ಇನ್ನೊಂದಿರುವುದಿಲ್ಲ.

ಆಮೇಲೆ ವಿನ್ಸೆಂಟ್ ಕಾಪುವಿನಲ್ಲಿ ಸ್ವಂತ ಲ್ಯಾಬ್ ತೆರೆದ. ಒಮ್ಮೆ, ಶಾಲೆಯೊಂದರ ಪ್ರದರ್ಶನಕ್ಕೆಂದು ಆ ನಾಣ್ಯ ಕೇಳಿದ. ಕೊಟ್ಟೆ. ವಾರದ ಬಳಿಕ ತಂದುಕೊಟ್ಟ. ಪೆಟ್ಟಿಗೆಗೆ ಸೇರಿಸಿದೆ.

ಕೆಲವು ತಿಂಗಳಾದ ಮೇಲೆ ಕಾರ್ಕಳದ ವಕೀಲರೊಬ್ಬರು ತಾವು ಹೊಸದಾಗಿ ಕೊಂಡ ಡಿನೇರಿಯಸ್ ತೋರಿಸಲು ಬಂದರು. ಅದೇ ಕೆನ್ನೆ, ಅದೇ ಗೀರು. ಲೆನ್ಸ್ ಹಿಡಿದೆ. ಅಕ್ಷರಗಳ ಅಂಚು ಮೊಂಡಾಗಿತ್ತು, ಗೀರಿನೊಳಗೆ ಸೂಜಿಮೊನೆಯಂಥ ಗುಳ್ಳೆಗಳಿದ್ದವು. ಅಚ್ಚೊತ್ತಿ ಟಂಕಿಸಿದ ನಾಣ್ಯದಲ್ಲಿ ಹೀಗೆ ಗುಳ್ಳೆ ಏಳುವುದಿಲ್ಲ, ಏಳುವುದು ಎರಕದಲ್ಲಿ. ಹಲ್ಲಿನ ಎರಕದಲ್ಲಿ ಇಂಥವನ್ನೇ ತೋರಿಸಿ ವರ್ಷಗಟ್ಟಲೆ ಪಾಠ ಮಾಡಿದವನು ನಾನು.

ಯಾರಿಂದ ಕೊಂಡಿರಿ ಎಂದು ಕೇಳಿದೆ. ವಿನ್ಸೆಂಟನಿಂದ ಎಂದರು.

"ನೀವೇ ಪರೀಕ್ಷೆ ಮಾಡಿದ್ದು ಅಂತ ಹೇಳಿದ್ರು ಸರ್. ಹಾಗಾಗಿ ನಾನು ಮತ್ತೆ ಎಂತ ಕೇಳ್ಲಿಲ್ಲ."

ಇದು ನಕಲಿ, ನಾನು ಇದನ್ನು ನೋಡುತ್ತಿರುವುದೇ ಮೊದಲ ಸಲ ಎಂದು ತಿಳಿಸಿದೆ. ಅವರನ್ನು ಕಳುಹಿಸಿ ನನ್ನ ಪೆಟ್ಟಿಗೆ ತೆರೆದೆ. ನನ್ನ ಟೈಬೀರಿಯಸ್‌ನ ಗೀರಿನಲ್ಲೂ ಗುಳ್ಳೆಗಳಿದ್ದವು. ತೂಕಕ್ಕೆ ಹಾಕುವ ಅಗತ್ಯವೇ ಬೀಳಲಿಲ್ಲ.

ಮರುದಿನ ಕಾಪುವಿಗೆ ಹೋದೆ. ವಿನ್ಸೆಂಟ್ ನಿರಾಕರಿಸಲಿಲ್ಲ, ಕುರ್ಚಿ ಎಳೆದುಕೊಟ್ಟ. ಅಸಲಿ ನಾಣ್ಯದ ಪಡಿಯಚ್ಚು ತೆಗೆದು ನಕಲಿಗಳನ್ನು ಎರಕ ಹೊಯ್ದ ಮೇಲೆ ಅದನ್ನು ಮಧ್ಯವರ್ತಿಯೊಬ್ಬನಿಗೆ ಮಾರಿದ್ದಾಗಿದೆ, ಈಗ ಎಲ್ಲಿದೆಯೋ ತನಗೂ ತಿಳಿಯದು ಎಂದ.

"ನನಗೂ ನಕಲಿಯನ್ನೇ ತಂದುಕೊಟ್ಟೆಯಲ್ಲ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ?" ಎಂದೆ.

"ನೋಡಿದ್ರೆ ಗೊತ್ತಾಗ್ತಿತ್ತು ಸರ್. ನಾನು ಕೊಟ್ಟದ್ದನ್ನು ನೀವು ನೋಡುದಿಲ್ಲ ಅಂತ ನನಗೆ ಗೊತ್ತುಂಟು."

ವಕೀಲರು ದೂರು ಕೊಟ್ಟರು. ಪೊಲೀಸರ ಮುಂದೆ ಎರಡೂ ನಕಲಿಗಳ ಬಗ್ಗೆ ನಾನೇ ಹೇಳಿಕೆ ಕೊಟ್ಟೆ. ಅಸಲಿ ಮರಳಿ ಬರಲಿಲ್ಲ. ಬೆಲೆ ಕಟ್ಟುವ ಮೊದಲು ವಸ್ತುವನ್ನು ನೋಡಬೇಕು ಎಂಬುದು ಈ ಕೆಲಸದ ಮೊದಲ ನಿಯಮ. ಅದು ಗೆಳೆಯನ ಕೈಯಿಂದ ಬಂದದ್ದಕ್ಕೂ ಅನ್ವಯಿಸುತ್ತದೆ ಎಂದು ನಾನು ಕಲಿತದ್ದು ಹೀಗೆ. ಈಗ ಆಪ್ತರು ತಂದ ನಾಣ್ಯವನ್ನೂ ಅವರೆದುರೇ ಲೆನ್ಸಿನ ಕೆಳಗಿಡುತ್ತೇನೆ. ಕೆಲವರ ಮುಖ ಬಾಡುತ್ತದೆ. ನನಗೂ ಅದು ಇನ್ನೂ ರೂಢಿಯಾಗಿಲ್ಲ.